12ಯು ಸಾಫ್ಟ್‌ಬಾಲ್: ಮಗಳು ವಾರಕ್ಕೆ ಎಷ್ಟು ಪಿಚ್ ಮಾಡಬಹುದು?

ಪ್ಲೇನೋ_ಅಮ್ಮ

ಎಲ್ಲರಿಗೂ ನಮಸ್ಕಾರ. ಮಗಳಿಗೆ 11 ವರ್ಷ, ಈ ಸೀಸನ್‌ಗೆ 10ಯು (10 ವರ್ಷದವರೆಗಿನವರ ವಿಭಾಗ) ಬಿಟ್ಟು 12ಯು (12ರವರೆಗಿನವರದು) ಟ್ರಾವೆಲ್ ತಂಡಕ್ಕೆ, ಅಂದ್ರೆ ಊರೂರಿಗೆ ಹೋಗಿ ಟೂರ್ನಮೆಂಟ್ ಆಡೋ ತಂಡಕ್ಕೆ ಬಂದಿದ್ದಾಳೆ. ತಂಡದಲ್ಲಿ ಪಿಚ್ ಮಾಡೋರು, ಅಂದ್ರೆ ಬ್ಯಾಟ್ ಮಾಡೋರಿಗೆ ಚೆಂಡು ಎಸೆಯೋರು, ಇಬ್ಬರೇ. ಶನಿವಾರ ಮೂರು ಪಂದ್ಯ, ಭಾನುವಾರ ಗೆದ್ದಷ್ಟೂ ಪಂದ್ಯ. ಮಂಗಳವಾರ ಪಿಚಿಂಗ್ ಪಾಠ, ಗುರುವಾರ ತಂಡದ ಪ್ರಾಕ್ಟೀಸ್, ಮಿಕ್ಕ ದಿನ ಹಿತ್ತಲಲ್ಲಿ ಅಪ್ಪ ಬಕೆಟ್ ಮೇಲೆ ಕೂತು ಹಿಡೀತಾರೆ. ಎರಡು ಟೂರ್ನಮೆಂಟ್‌ನಿಂದ ಭುಜದ ಮುಂಭಾಗ ನೋವು ಅಂತಿದ್ದಾಳೆ, ಬುಧವಾರದ ಹೊತ್ತಿಗೆ ಹೋಗುತ್ತೆ. ಕೋಚ್ ಹೇಳೋದು, ಅಂಡರ್‌ಹ್ಯಾಂಡ್ ಎಸೆತ ಕೈಗೆ ಸಹಜ, ಬೇಸ್‌ಬಾಲ್ ಥರ ಲೆಕ್ಕ ಇಡೋದು ಬೇಡ ಅಂತ. ನಿಜವಾ? ದಿನಕ್ಕೆ ಎಷ್ಟು ಎಸೆತ ಸರಿ? ಜೊತೆಗೆ ಅವಳ ವಯಸ್ಸಿನವರೆಲ್ಲ ಕರ್ವ್ (ಪಕ್ಕಕ್ಕೆ ತಿರುಗೋ ಎಸೆತ), ರೈಸ್ (ಮೇಲಕ್ಕೇರೋ ಥರ ಕಾಣೋ ಎಸೆತ) ಕಲೀತಿದ್ದಾರೆ, ನಾವೂ ಶುರು ಮಾಡಬೇಕಾ?

ಸ್ಕೋರ್‌ಬುಕ್

ಲೆಕ್ಕ ಖಂಡಿತ ಬೇಕು. ವಿಂಡ್‌ಮಿಲ್‌ನಲ್ಲಿ, ಅಂದರೆ ಕೈಯನ್ನು ಪೂರ್ತಿ ವೃತ್ತವಾಗಿ ಸುತ್ತಿ ಅಂಡರ್‌ಹ್ಯಾಂಡ್ ಎಸೆಯುವಾಗ, ಕೈ ಮೇಲಿನಿಂದ ಸೊಂಟದ ಕಡೆ ಬೀಸಿ ಬರುವಾಗ ಭುಜದ ಕೀಲನ್ನು ಹೊರಕ್ಕೆಳೆಯುವ ಬಲ ಕಡಿಮೆಯದ್ದಲ್ಲ. ಅಳತೆ ಮಾಡಿ ನೋಡಿದವರಿಗೆ ಅದು ಬೇಸ್‌ಬಾಲ್ ಪಿಚರ್‌ಗಳ ಮಟ್ಟದ ಹತ್ತಿರವೇ ಸಿಕ್ಕಿದೆ. ಗೊಂದಲ ಹುಟ್ಟಿರುವುದು ನಿಯಮಗಳಿಂದ. ಮಕ್ಕಳ ಪಂದ್ಯ ನಡೆಸುವ ಲಿಟಲ್ ಲೀಗ್ ಸಂಸ್ಥೆಯ ಬೇಸ್‌ಬಾಲ್‌ನಲ್ಲಿ 2007ರಿಂದ ಎಸೆತ ಎಣಿಸುವುದು ಕಡ್ಡಾಯ, ಸಾಫ್ಟ್‌ಬಾಲ್‌ನಲ್ಲಿ ಅಂಥ ಪದ್ಧತಿ ಬೇರೂರಲಿಲ್ಲ. ನಿಯಮ ಇಲ್ಲ ಅಂದಮಾತ್ರಕ್ಕೆ ಅಪಾಯವೂ ಇಲ್ಲ ಎಂದು ಜನ ತಿಳಿದುಬಿಟ್ಟರು.

ಅಮೆರಿಕದ ಕ್ರೀಡಾ ಮೂಳೆತಜ್ಞರ ಸಂಘ 'ಸ್ಟಾಪ್ ಸ್ಪೋರ್ಟ್ಸ್ ಇಂಜುರೀಸ್' ಹೆಸರಲ್ಲಿ ಕೊಟ್ಟ ಸಲಹೆಯ ಪ್ರಕಾರ 10–12 ವಯಸ್ಸಿಗೆ ಒಂದು ಪಂದ್ಯಕ್ಕೆ 65 ಎಸೆತ, ಮೊದಲ ಎರಡು ದಿನ ದಿನಕ್ಕೆ 95, ಮೂರನೇ ದಿನ ಸೊನ್ನೆ. 13–14ಕ್ಕೆ ಪಂದ್ಯಕ್ಕೆ 80, ದಿನಕ್ಕೆ 115, ಮೂರನೇ ದಿನ 80. ಇದು ಮೇಲ್ಮಿತಿ. ಅಷ್ಟು ಎಸೆಯಲೇಬೇಕು ಅಂತಲ್ಲ.

ಈಗ ನಿಮ್ಮ ಶನಿವಾರ ನೋಡಿ. ಸಮಯ ಮಿತಿಯಿರುವ ಪಂದ್ಯ ಸುಮಾರು 5 ಇನಿಂಗ್ಸ್, ಈ ವಯಸ್ಸಲ್ಲಿ ಇನಿಂಗ್ಸ್‌ಗೆ 17 ಎಸೆತ ಅಂತ ಹಿಡಿದರೂ ಮೂರು ಪಂದ್ಯಕ್ಕೆ 255. ಇಬ್ಬರಿಗೆ ಹಂಚಿದರೆ ತಲಾ 127ರ ಮೇಲೆ, ಅಂದರೆ ಮಿತಿ ದಾಟಿತು. ಮೂವರಿದ್ದರೆ ತಲಾ 85. ಕೋಚ್ ಮುಂದೆ ಭುಜದ ಶಾಸ್ತ್ರ ಹೇಳಬೇಡಿ, ಈ ಗುಣಾಕಾರ ಬರೆದ ಚೀಟಿ ಇಡಿ. ಮೂರನೆಯ ಪಿಚರ್ ಇಲ್ಲದೆ ಆ ತಂಡ ಮೂರು ಪಂದ್ಯದ ದಿನಕ್ಕೆ ಹೆಸರು ಕೊಡಲೇಬಾರದು.

ಇನ್ನೊಂದು. ಸ್ಕೋರ್ ಬರೆಯುವ ಗೇಮ್‌ಚೇಂಜರ್ ಆ್ಯಪ್‌ನಲ್ಲಿ ಕಾಣುವುದು ಪಂದ್ಯದ ಎಸೆತ ಮಾತ್ರ. ಪಂದ್ಯಕ್ಕೆ ಮುಂಚೆ ಬುಲ್‌ಪೆನ್‌ನಲ್ಲಿ (ಪಿಚರ್ ಮೈ ಬಿಸಿ ಮಾಡಿಕೊಳ್ಳುವ ಜಾಗ) 40, ಇನಿಂಗ್ಸ್ ಮಧ್ಯೆ ಕೆಲವು, ಪಾಠದಲ್ಲಿ 80, ಇವು ಯಾವ ಲೆಕ್ಕಕ್ಕೂ ಬರುವುದಿಲ್ಲ. ಒಂದು ಟ್ಯಾಲಿ ಕೌಂಟರ್ ಕೊಂಡು ಎಲ್ಲವನ್ನೂ ಒತ್ತಿ, ವಾರದ ಮೊತ್ತ ಬರೆದಿಡಿ. ಟೂರ್ನಮೆಂಟ್ ಇರುವ ವಾರ ನಾನು ಹೇಳುವ ಕ್ರಮ: ಸೋಮವಾರ, ಮಂಗಳವಾರ ಚೆಂಡು ಮುಟ್ಟುವುದೇ ಬೇಡ. ಪಾಠ ಬುಧವಾರಕ್ಕೆ ಹಾಕಿಸಿ, 50 ಎಸೆತಕ್ಕೆ ನಿಲ್ಲಿಸಿ. ಗುರುವಾರ ಬ್ಯಾಟಿಂಗ್, ಫೀಲ್ಡಿಂಗ್ ಅಷ್ಟೇ. ಶುಕ್ರವಾರ ಬೇಕಿದ್ದರೆ 20 ಹಗುರ ಎಸೆತ. ವರ್ಷದಲ್ಲಿ ಎರಡು ಮೂರು ತಿಂಗಳು ಪಿಚಿಂಗ್‌ಗೆ ಪೂರ್ತಿ ರಜೆ.

ಫಿಸಿಯೋ_ಹಾಸನ

ಮೇಲಿನ ಲೆಕ್ಕವೆಲ್ಲ ನೋವಿಲ್ಲದ ಮಗುವಿಗೆ. ನಿಮ್ಮ ಮಗಳಿಗೆ ನೋವಿದೆ, ಅದೂ ಎರಡನೇ ಸಲ ಅದೇ ಜಾಗದಲ್ಲಿ. ಹಾಗಾಗಿ ಮೊದಲು ಪಿಚಿಂಗ್ ನಿಲ್ಲಿಸಿ, ಮಕ್ಕಳ ಕ್ರೀಡಾ ವೈದ್ಯರಿಗೆ ತೋರಿಸಿ. ಬುಧವಾರಕ್ಕೆ ಹೋಗುತ್ತೆ ಅನ್ನುವುದು ಸಮಾಧಾನದ ಮಾತಲ್ಲ. ವಿಶ್ರಾಂತಿ ಸಿಕ್ಕಾಗ ಇಳಿದು ಎಸೆದಾಗ ಮರಳುವುದೇ ಅತಿಬಳಕೆಯ ಗುರುತು.

ಭುಜದ ಮುಂಭಾಗವೇ ಯಾಕೆ ನೋಯುತ್ತೆ ಅಂದರೆ, ಚೆಂಡು ಬಿಡುವ ಹೊತ್ತಿಗೆ ಓಡುತ್ತಿರುವ ಕೈಗೆ ಬ್ರೇಕ್ ಹಾಕುವ ಕೆಲಸದ ದೊಡ್ಡ ಪಾಲು ಬೈಸೆಪ್ಸ್‌ನದು. ಅದರ ಉದ್ದನೆಯ ತಂತು ಹಾದುಹೋಗುವುದು ಅದೇ ಜಾಗದಲ್ಲಿ. ಜೊತೆಗೆ ಈ ವಯಸ್ಸಲ್ಲಿ ತೋಳಿನ ಮೂಳೆಯ ಮೇಲ್ತುದಿಯ ಬೆಳವಣಿಗೆ ಪಟ್ಟಿ ಇನ್ನೂ ಮೃದ್ವಸ್ಥಿ. ಹುಡುಗಿಯರು ಅತಿ ವೇಗವಾಗಿ ಎತ್ತರವಾಗುವುದು 11–12ರ ಆಸುಪಾಸು. ಆ ತಿಂಗಳುಗಳಲ್ಲಿ ಸ್ನಾಯುವಿನ ಬಲ ಮೂಳೆಯ ಉದ್ದದ ಹಿಂದೆ ಬೀಳುತ್ತದೆ. ಎತ್ತರವನ್ನು ತಿಂಗಳಿಗೊಮ್ಮೆ ಗೋಡೆ ಮೇಲೆ ಗುರುತು ಹಾಕಿ, ಸರ್ರನೆ ಏರುತ್ತಿದ್ದರೆ ಎಸೆತ ಇನ್ನೂ ಇಳಿಸಿ.

ಇವು ಕಂಡರೆ ಕಾಯಲೇಬೇಡಿ: ಉಂಗುರ ಬೆರಳು, ಕಿರುಬೆರಳು ಜೋಮು ಹಿಡಿಯುವುದು, ಮುಂಗೈ ಮೂಳೆಯ ಮೇಲೆ ಬೆರಳಲ್ಲಿ ಒತ್ತಿದಾಗ ಒಂದೇ ಬಿಂದುವಿನಲ್ಲಿ ನೋವು, ರಾತ್ರಿ ನಿದ್ದೆ ಕೆಡಿಸುವ ನೋವು. ಪಂದ್ಯಕ್ಕೆ ಮುಂಚೆ ಐಬುಪ್ರೊಫೆನ್ ಕೊಟ್ಟು ಇಳಿಸುವವರನ್ನು ಪ್ರತಿ ಮೈದಾನದಲ್ಲೂ ನೋಡುತ್ತೇವೆ, ದಯವಿಟ್ಟು ಹಾಗೆ ಮಾಡಬೇಡಿ. ನೋವು ಮುಚ್ಚಿಟ್ಟರೆ ನಿಲ್ಲಿಸಬೇಕಾದ ಹೊತ್ತು ಮಗುವಿಗೇ ಗೊತ್ತಾಗುವುದಿಲ್ಲ.

ವೈದ್ಯರು ಒಪ್ಪಿದ ಮೇಲೆ ಮರಳುವ ದಾರಿ: ದಿನ ಬಿಟ್ಟು ದಿನ, 20 ಅಡಿಯಿಂದ 25–30 ಹಗುರ ಎಸೆತ. ಎರಡು ಸಲ ನೋವಿಲ್ಲದೆ ಮುಗಿದರೆ 30 ಅಡಿ, ಆಮೇಲೆ 40. ಪೂರ್ತಿ ದೂರ ತಲುಪಿದ ಮೇಲೆಯೇ ವೇಗ. ದೂರ ಮತ್ತು ವೇಗ ಒಂದೇ ದಿನ ಏರಿಸಬೇಡಿ. ನೋವು ಬಂದರೆ ಒಂದು ಮೆಟ್ಟಿಲು ಹಿಂದೆ.

ನೋವು ಪೂರ್ತಿ ಹೋದಮೇಲೆ ವಾರಕ್ಕೆ ಮೂರು ದಿನ ವ್ಯಾಯಾಮ: ಪಕ್ಕಕ್ಕೆ ಮಲಗಿ ಮೊಣಕೈ ಮಡಿಸಿ ಅರ್ಧ ಕಿಲೋ ತೂಕ ಎತ್ತುವುದು, ರಬ್ಬರ್ ಬ್ಯಾಂಡ್ ಹಿಂದಕ್ಕೆಳೆಯುವುದು, ಒಂದೇ ಕಾಲಿನ ಬ್ರಿಡ್ಜ್, ಸೈಡ್ ಪ್ಲ್ಯಾಂಕ್. ಮೊದಲ ಮೂರು 12ರಂತೆ ಎರಡು ಸುತ್ತು, ಪ್ಲ್ಯಾಂಕ್ 20 ಸೆಕೆಂಡ್. ಸೊಂಟದ ಸ್ನಾಯು ಸೋತರೆ ಆ ಕೆಲಸವೂ ಭುಜದ ಮೇಲೆಯೇ ಬೀಳುತ್ತದೆ. ಆದ್ದರಿಂದ ಕೊನೆಯ ಎರಡನ್ನು ತಪ್ಪಿಸಬೇಡಿ.

ಡ್ರಾಪ್‌ಬಾಲ್

10ಯು ಬಿಟ್ಟು 12ಯುಗೆ ಬಂದಾಗ ಏನಾಗುತ್ತೆ ಅಂತ ಇಲ್ಲಿ ಯಾರೂ ಹೇಳಿಲ್ಲ. ಚೆಂಡಿನ ಸುತ್ತಳತೆ 11 ಇಂಚಿಂದ 12ಕ್ಕೆ, ಎಸೆಯೋ ದೂರ 35 ಅಡಿಯಿಂದ 40ಕ್ಕೆ, ಎರಡೂ ಒಂದೇ ಸಲ ಬದಲಾಗುತ್ತೆ. ಮಗು ದೂರ ತಲುಪಿಸೋಕೆ ತೋಳಿಂದ ತಳ್ಳೋಕೆ ಶುರು ಮಾಡುತ್ತೆ. ಭುಜ ನೋವಿಗೆ ಇದೂ ಒಂದು ಕಾರಣ ಇರಬಹುದು. ಫೋನಲ್ಲಿ ಪಕ್ಕದಿಂದ ನಿಧಾನಗತಿ ವಿಡಿಯೋ ತೆಗೀರಿ. ಮುಂಗಾಲು ಊರಿದಾಗ ಎದೆ ಮುಂದಕ್ಕೆ ಬಾಗಿದೆಯಾ, ಕೈ ವೃತ್ತದಲ್ಲಿ ಮೊಣಕೈ ಬಿಗಿಯಾಗಿ ನೆಟ್ಟಗಾಗಿದೆಯಾ ನೋಡಿ. ಬೆನ್ನು ನೆಟ್ಟಗೆ, ಮೊಣಕೈ ಸಡಿಲ, ಬಲ ಹಿಂಗಾಲು ತಳ್ಳೋದರಿಂದ ಬರಬೇಕು. ಎಸೆದ ಮೇಲೆ ಮೊಣಕೈಯನ್ನ ಬೇಕಂತಲೇ ಮೇಲಕ್ಕೆ ಎತ್ತಿಸೋ ಪಾಠ ಇದ್ರೆ ಬಿಡಿಸಿ, ಕೈ ತಾನಾಗೇ ದೇಹದ ಅಡ್ಡಕ್ಕೆ ಸುತ್ತಿ ನಿಲ್ಲಲಿ.

ಕರ್ವ್, ರೈಸ್ ಈಗ ಬೇಡವೇ ಬೇಡ. ಮೊದಲು ಫಾಸ್ಟ್‌ಬಾಲ್ (ನೇರ ವೇಗದ ಎಸೆತ) ಪ್ಲೇಟಿನ, ಅಂದ್ರೆ ಬ್ಯಾಟ್ ಮಾಡೋರ ಮುಂದಿನ ಗುರಿ ಹಲಗೆಯ, ಎರಡೂ ಅಂಚಿಗೆ ಹೋಗಲಿ. 10ರಲ್ಲಿ 7 ಹೋದ್ರೆ ಸಾಕು. ಆಮೇಲೆ ಚೇಂಜ್‌ಅಪ್, ಅಂದ್ರೆ ಬ್ಯಾಟರ್‌ಗೆ ಮೋಸ ಮಾಡೋ ನಿಧಾನದ ಎಸೆತ. ಸಣ್ಣ ಕೈಗೆ ಸುಲಭ ಅಂದ್ರೆ ಚೆಂಡನ್ನ ಅಂಗೈಗೆ ಪೂರ್ತಿ ಒತ್ತಿ ಹಿಡಿಯೋದು. ಕೈಯ ವೇಗ ಕಡಿಮೆ ಆಗಬಾರದು, ಚೆಂಡು ಮಾತ್ರ ನಿಧಾನ ಆಗಬೇಕು. ಮೂರನೆಯದು ಪೀಲ್ ಡ್ರಾಪ್ (ಪ್ಲೇಟ್ ಹತ್ರ ಕೆಳಕ್ಕಿಳಿಯೋ ಎಸೆತ), ಅದರ ಬಿಡುಗಡೆ ಫಾಸ್ಟ್‌ಬಾಲ್ ಥರಾನೇ. ಮಣಿಕಟ್ಟು ತಿರುಚೋ ರೋಲ್‌ಓವರ್ ಡ್ರಾಪ್ ಆಮೇಲೆ ನೋಡಿದ್ರಾಯ್ತು. ಚೆಂಡಿನ ಸುತ್ತ ಒಂದು ಸುತ್ತು ಕಪ್ಪು ಟೇಪ್ ಅಂಟಿಸಿ. ಗೆರೆ ಅಲುಗಾಡದೆ ಉರುಳಿದ್ರೆ ತಿರುಗು ಸರಿ, ಗೆರೆ ಓಲಾಡಿದ್ರೆ ಬೆರಳು ಪಕ್ಕಕ್ಕೆ ಜಾರ್ತಿದೆ. ಇದನ್ನ 15 ಅಡಿಯಿಂದ 20 ಸಲ ಮಾಡಿದ್ರೆ, ಪೂರ್ತಿ ದೂರದಿಂದ 60 ಎಸೆದು ಕಲಿಯೋದಕ್ಕಿಂತ ಹೆಚ್ಚು ಕಲೀತಾಳೆ.

ಪ್ಲೇನೋ_ಅಮ್ಮ

ತುಂಬಾ ಧನ್ಯವಾದ. ಪಿಚಿಂಗ್ ಇವತ್ತಿಂದಲೇ ನಿಲ್ಲಿಸ್ತೀವಿ, ಡಾಕ್ಟರ್ ಹತ್ರ ಸಮಯ ತಗೊಳ್ತೀನಿ. ಕೋಚ್ ಅಲ್ಲೀವರೆಗೆ ಕ್ಯಾಚರ್ (ಪ್ಲೇಟ್ ಹಿಂದೆ ಕೂತು ಚೆಂಡು ಹಿಡಿಯೋಳು) ಆಗಿ ಆಡಿಸೋಣ ಅಂತಿದ್ದಾರೆ, ಪರವಾಗಿಲ್ವಾ? ಮತ್ತೆ ಪಂದ್ಯದಲ್ಲಿ ಸುಸ್ತು ಆಗಿದೆ ಅಂತ ಹೊರಗಿಂದ ಹೇಗೆ ತಿಳಿಯೋದು?

ಫಿಸಿಯೋ_ಹಾಸನ

ಕ್ಯಾಚರ್ ಬೇಡ. ಪ್ರತಿ ಎಸೆತಕ್ಕೂ ಚೆಂಡು ಹಿಂದಿರುಗಿಸಬೇಕು, ಎರಡನೇ ಬೇಸ್‌ಗೆ ಜೋರಾಗಿ ಎಸೆಯಬೇಕು. ಅದೇ ಭುಜ, ಈಗ ಓವರ್‌ಹ್ಯಾಂಡ್. ಶಾರ್ಟ್‌ಸ್ಟಾಪ್ (ಎರಡನೇ, ಮೂರನೇ ಬೇಸ್ ನಡುವಿನ ಫೀಲ್ಡರ್) ಕೂಡ ಬೇಡ. ವೈದ್ಯರು ನೋಡುವವರೆಗೆ ಬೇಸ್ ಓಟ ಸಾಕು, ಬ್ಯಾಟಿಂಗ್ ಅವರನ್ನೇ ಕೇಳಿ.

ಸ್ಕೋರ್‌ಬುಕ್

ಸುಸ್ತಿನ ಗುರುತು: ಚೆಂಡು ಒಂದೇ ಸಮನೆ ಮೇಲಕ್ಕೆ ಹೋಗತೊಡಗುತ್ತದೆ, ಹೆಜ್ಜೆ ಗಿಡ್ಡವಾಗುತ್ತದೆ, ಎಸೆತಗಳ ನಡುವೆ ಕೈ ಕೊಡವಿಕೊಳ್ಳುತ್ತಾಳೆ. ಮೊದಲ ಇನಿಂಗ್ಸ್‌ನಲ್ಲಿ ಅವಳ ಹೆಜ್ಜೆ ಮಣ್ಣಿನಲ್ಲಿ ಎಲ್ಲಿ ಬಿದ್ದಿದೆ ಎಂದು ನೋಡಿಕೊಂಡಿರಿ. ಅದಕ್ಕಿಂತ ಒಂದು ಪಾದದಷ್ಟು ಹಿಂದೆ ಬೀಳುತ್ತಿದ್ದರೆ ಎಣಿಕೆ 40 ಇದ್ದರೂ ಸರಿ, ಬದಲಿ ಪಿಚರ್ ಕೇಳಿ.