ಸಹಾಯ ಬೇಕು: ಹುಂಜಗಳ ಮೇವಿಗೆ ಶುಂಠಿ, ನುಗ್ಗೆ ಸೊಪ್ಪಿನ ಪುಡಿ ಬೆರೆಸಿದವರು ಇದ್ದೀರಾ?

ಎಲ್ಲರಿಗೂ ನಮಸ್ಕಾರ. ನಮ್ಮಲ್ಲಿ 40 ಹೇಟೆಗೆ 4 ಹುಂಜ ಇವೆ. ಕಾವಿಗಿಟ್ಟ ಏಳನೇ ದಿನ ಕತ್ತಲೆಯಲ್ಲಿ ಮೊಟ್ಟೆಗಳಿಗೆ ಟಾರ್ಚ್ ಹಿಡಿದು ನೋಡಿದೆ. ಮೂರರಲ್ಲಿ ಒಂದು ಪೂರ್ತಿ ತಿಳಿ. ನರದ ಎಳೆಯೂ ಇಲ್ಲ, ರಕ್ತದ ಉಂಗುರವೂ ಇಲ್ಲ. ಅಂದರೆ ಒಳಗೆ ಮರಿ ಸತ್ತಿದ್ದಲ್ಲ, ಫಲವೇ ಕಟ್ಟಿಲ್ಲ ಅನಿಸುತ್ತದೆ. ಹುಂಜಗಳು ಗಟ್ಟಿಮುಟ್ಟಾಗಿವೆ, ಹೇಟೆ ಏರುವುದನ್ನೂ ಕಣ್ಣಾರೆ ನೋಡಿದ್ದೇನೆ. ತುಂಬಾ ಬೇಜಾರಾಗಿದೆ.

ಹುಂಜದ ವೀರ್ಯಾಣುವಿನ ಹೊರಪದರದಲ್ಲಿ ಬೇಗ ಕೆಡುವಂಥ ಕೊಬ್ಬು ಜಾಸ್ತಿ. ಸೆಕೆ ಏರಿದಾಗ ಅದು ಇನ್ನೂ ಬೇಗ ಕೆಡುತ್ತದೆ. ವಿಟಮಿನ್ ಇ, ಸೆಲೆನಿಯಂ ಕೊಡುವುದು ಅದಕ್ಕೇ ಅಲ್ವಾ? ಶುಂಠಿ, ಅರಿಶಿನ, ನುಗ್ಗೆ ಸೊಪ್ಪಿನಲ್ಲೂ ಈ ಕೆಡುವಿಕೆ ತಡೆಯುವ ಅಂಶಗಳಿವೆ. ಹಾಗಾಗಿ ನೆರಳಲ್ಲಿ ಒಣಗಿಸಿ ಪುಡಿ ಮಾಡಿ ಬೆರೆಸೋಣ ಅಂತಿದ್ದೇನೆ. ಗಿಡದ್ದು ಅಂದ ಮಾತ್ರಕ್ಕೆ ಸುಮ್ನೆ ಹಾಕುವ ಹಾಗೂ ಇಲ್ಲ. ಹತ್ತಿಬೀಜದ ಹಿಂಡಿಯಲ್ಲಿರುವ ಗಾಸಿಪಾಲ್ ವೀರ್ಯಕ್ಕೇ ಪೆಟ್ಟು ಕೊಡುತ್ತದೆ. ಅದನ್ನಂತೂ ನಾನು ಮುಟ್ಟುವುದಿಲ್ಲ.

ಕಿಲೋ ಮೇವಿಗೆ ಎಷ್ಟು ಗ್ರಾಂ ಪುಡಿ ಹಾಕಿದಿರಿ? ಘಾಟಿಗೆ ಹುಂಜಗಳು ಮೇವು ಬಿಟ್ಟವಾ? ಹುಂಜಗಳಿಗೆ ಮಾತ್ರ ಸಿಗುವ ಹಾಗೆ ತೊಟ್ಟಿಯನ್ನು ಎಷ್ಟು ಎತ್ತರಕ್ಕೆ ಕಟ್ಟಬೇಕು? ಮೊಟ್ಟೆ ಕೋಳಿಯ ಮೇವಿನಲ್ಲಿ ಸುಣ್ಣದ ಅಂಶ ಜಾಸ್ತಿ, ಹುಂಜಕ್ಕೆ ಅಷ್ಟು ಬೇಡ. ಆದ್ದರಿಂದ ಹೇಗೂ ಬೇರೆ ತೊಟ್ಟಿ ಬೇಕು.

ಇನ್ನೊಂದು ಮಾತು. ಹೊಸ ವೀರ್ಯ ತಯಾರಾಗಲು ಸುಮಾರು ಎರಡು ವಾರ ಬೇಕು. ಹೇಟೆ ಹಳೆಯ ವೀರ್ಯವನ್ನೂ ಒಂದೆರಡು ವಾರ ಹೊಟ್ಟೆಯಲ್ಲಿ ಉಳಿಸಿಕೊಂಡಿರುತ್ತದೆ. ನೀವು ಎಷ್ಟು ವಾರ ಕಾದು ಫಲಿತಾಂಶ ನೋಡಿದಿರಿ? ಫಲ ಸಿಗದಿದ್ದರೂ ಬರೆಯಿರಿ, ಅದೂ ನನಗೆ ಬೇಕು.