ಅಪ್‌ಡೇಟ್: ಅಮ್ಮನ ಒಸಡಿನ ರಕ್ತ
ಹಲ್ಲುಜ್ಜುವಾಗ ಅಮ್ಮನ ಒಸಡಿನಿಂದ ರಕ್ತ ಬರುತ್ತೆ, ನೋವಿಲ್ಲ, ಕಾಯಬಹುದಾ ಅಂತ ಹೋದ ತಿಂಗಳು ಕೇಳಿದ್ದೆ. ಕಾಯಬೇಡಿ ಅಂದವರಿಗೆಲ್ಲ ಕೈಮುಗಿಯುತ್ತೇನೆ.

ಇಲ್ಲೇ ಡೊಂಬಿವಲಿಯಲ್ಲಿ ಒಸಡಿನ ತಜ್ಞರಿಗೆ ತೋರಿಸಿದ್ವಿ. ಸಣ್ಣ ಕಡ್ಡಿ ಇಳಿಸಿ ಹಲ್ಲು, ಒಸಡಿನ ನಡುವಿನ ಸಂದು ಅಳೆದರು. 3 ಮಿ.ಮೀ. ಒಳಗಿರಬೇಕಾದ್ದು ದವಡೆ ಹಲ್ಲುಗಳಲ್ಲಿ 5 ಇತ್ತು. ಎಕ್ಸ್‌ರೇಯಲ್ಲಿ ಮೂಳೆ ಸ್ವಲ್ಪ ಕರಗಿದ್ದು ಕಂಡಿತು. ಬರೀ ಊತ, ರಕ್ತ ಇದ್ದಾಗಲೇ ಬಂದಿದ್ರೆ ಪೂರ್ತಿ ವಾಸಿಯಾಗ್ತಿತ್ತು, ಕರಗಿದ ಮೂಳೆ ತಾನಾಗಿ ಮರಳಲ್ಲ, ಇನ್ನಷ್ಟು ಕರಗದಂತೆ ತಡೀಬಹುದು ಅಂದ್ರು. ಆ ಮಾತು ಚುಚ್ಚಿತು. 2 ವರ್ಷ ಉಪ್ಪುನೀರು, ಲವಂಗದೆಣ್ಣೆಯಲ್ಲೇ ಕಳೆದಿದ್ವಿ.

ಹಲ್ಲಿಗೆ ಅಂಟಿ ಗಟ್ಟಿಯಾದ ಕೊಳೆ (ಕಿಟ್ಟ) ಬ್ರಶ್‌ಗೆ ಬರಲ್ಲ. ಒಸಡು ಮರಗಟ್ಟಿಸಿ, 2 ಸಲ ಕೂರಿಸಿ, ಬೇರಿನ ತನಕ ಕೆರೆದು ತೆಗೆದರು. ಅಮ್ಮನಿಗೆ ಸಕ್ಕರೆ ಕಾಯಿಲೆಯೂ ಇದೆ, ಅದೂ ಒಸಡಿನ ಕಾಯಿಲೆಯೂ ಒಂದನ್ನೊಂದು ಕೆಣಕುತ್ತವಂತೆ. ಈಗ ರಕ್ತ ನಿಂತಿದೆ. 3 ತಿಂಗಳಿಗೆ ಮತ್ತೆ ತಪಾಸಣೆ.