ಸಹಾಯ ಬೇಕು: ನಾಲ್ಕು ಮನೆಯವರು ಸೇರಿ ಅಪಾರ್ಟ್‌ಮೆಂಟ್ ಕಟ್ಟಬೇಕು

ಎಲ್ಲರಿಗೂ ನಮಸ್ಕಾರ. ಮೈಸೂರಿನಲ್ಲಿ ನಾವು ನಾಲ್ಕು ಕುಟುಂಬದವರು ಸೇರಿ ಒಂದು 60x40 ಸೈಟ್ ತಗೊಂಡಿದ್ದೇವೆ. ಬಿಲ್ಡರ್ ಬೇಡ, ನಮಗೆ ಬೇಕಾದ ಹಾಗೆ ನಾವೇ ಕಟ್ಟಿಸೋಣ ಅಂತ. ಕೆಳಗೆ ಪಾರ್ಕಿಂಗ್, ಮೇಲೆ ನಾಲ್ಕು ಫ್ಲ್ಯಾಟ್.

ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿ ನಮಗೆ ಬೇಕಾಗಿಲ್ಲ. ಜಾಗ 500 ಚದರ ಮೀಟರ್ ದಾಟಿದರೆ, ಅದರ ಜೊತೆಗೆ ಎಂಟಕ್ಕಿಂತ ಜಾಸ್ತಿ ಫ್ಲ್ಯಾಟ್ ಇದ್ದರೆ ಮಾತ್ರ ಅದು ಕಡ್ಡಾಯ. ಆದರೆ ಸೈಟ್ ಈಗ ನಾಲ್ವರ ಹೆಸರಿನಲ್ಲಿ ಜಂಟಿಯಾಗಿದೆ. ಕಟ್ಟಿದ ಮೇಲೆ 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಓನರ್‌ಶಿಪ್ ಕಾಯ್ದೆಯಡಿ ಡೀಡ್ ಆಫ್ ಡಿಕ್ಲರೇಷನ್ (ಯಾವ ಫ್ಲ್ಯಾಟ್ ಯಾರದು, ಯಾವುದು ಎಲ್ಲರಿಗೂ ಸೇರಿದ್ದು ಅಂತ ಘೋಷಿಸುವ ಪತ್ರ) ಮಾಡಿಸಬೇಕು ಅಂತಾರೆ. ಅದಕ್ಕೂ ಮೊದಲು ಪಾಲುಪತ್ರ ಬೇಕಾ? ಪ್ರತಿ ಫ್ಲ್ಯಾಟಿಗೂ ಬೇರೆ ಆಸ್ತಿ ಖಾತೆ, ಬೇರೆ ಬ್ಯಾಂಕ್ ಸಾಲ ಸಿಗುತ್ತಾ?

ಇನ್ನು ಪ್ಲ್ಯಾನ್. ಒಬ್ಬ ಆರ್ಕಿಟೆಕ್ಟ್ ಹಾಲ್ ದೊಡ್ಡದು ಮಾಡಿ ಯುಟಿಲಿಟಿಯನ್ನು ಮೂರಡಿಗೆ ಇಳಿಸಿದರು. ಅಲ್ಲಿ ವಾಷಿಂಗ್ ಮಷೀನ್ ಇಟ್ಟರೆ ಪಾತ್ರೆ ತೊಳೆಯೋಕೆ ನಿಲ್ಲೋದೆಲ್ಲಿ? ಟೆರೇಸ್ ಪೂರ್ತಿ ಸೋಲಾರ್ ಹಾಕಿದರೆ ಹಪ್ಪಳ ಒಣಗಿಸೋದೆಲ್ಲಿ? ಇದು ಅಮ್ಮಂದಿರ ಪ್ರಶ್ನೆ, ನ್ಯಾಯವಾದದ್ದೇ. ಲಿಫ್ಟ್ ಖರ್ಚು ಮೊದಲ ಮಹಡಿಯವರೂ ಸಮ ಕೊಡಬೇಕಾ ಅನ್ನೋದಂತೂ ಇನ್ನೂ ಮುಗಿದಿಲ್ಲ.

ಹೀಗೆ ಸೇರಿ ಕಟ್ಟಿಸಿದವರು ಯಾರಾದರೂ ಇದ್ದೀರಾ? ನಿಮ್ಮೊಳಗಿನ ಒಪ್ಪಂದದಲ್ಲಿ ಏನೇನು ಬರೆದುಕೊಂಡಿರಿ, ದಯವಿಟ್ಟು ಹೇಳಿ. ಮೈಸೂರಿನಲ್ಲಿ ಇಂಥ ಕೆಲಸ ಗೊತ್ತಿರುವ ವಕೀಲರಿದ್ದರೆ ಇನ್‌ಬಾಕ್ಸ್‌ಗೆ ತಿಳಿಸಿ.